ಪ್ರಶ್ನೆಗೂ ಉತ್ತರಕ್ಕೂ ನಡುವೆ

(ಪಾಠ: ನೆಹೆಮೀಯ 2ನೇ ಅಧ್ಯಾಯ, 1ರಿಂದ 8ನೇ ವಚನಗಳು)



ನಮ್ಮ ಸಭೆಗಳಲ್ಲಿ ಅನೇಕರು ಹೊಲದಲ್ಲಿಯೂ ಮನೆಯ ಕಟ್ಟೆಯ ಮೇಲೆಯೂ ಬಹು ಸೊಗಸಾಗಿ ಮಾತಾಡುವವರಾಗಿದ್ದಾರೆ. ಬಿತ್ತನೆಯ ಸಂಗತಿಯನ್ನಾಗಲಿ ದನದ ಬೇನೆಯನ್ನಾಗಲಿ ಮಗಳ ಮದುವೆಯ ಖರ್ಚನ್ನಾಗಲಿ ಕೇಳಿ ನೋಡಿರಿ, ಅವರ ಬಾಯಿಂದ ಒಂದು ಮಾತಾದರೂ ಅಡ್ಡಾದಿಡ್ಡಿಯಾಗಿ ಬೀಳುವದಿಲ್ಲ. ಆದರೆ ಅವರನ್ನೇ ಕಚೇರಿಯ ಮೇಜಿನ ಮುಂದೆ, ಇಲ್ಲವೆ ನ್ಯಾಯಾಲಯದ ಕಟಕಟೆಯೊಳಗೆ, ಇಲ್ಲವೆ ಗ್ರಾಮಸಭೆಯಲ್ಲಿ ಮೈಕಿನ ಎದುರಿಗೆ ನಿಲ್ಲಿಸಿದರೆ ನಾಲಿಗೆ ಒಣಗುವದು, ಎದೆ ಬಡಿದುಕೊಳ್ಳುವದು, ಬಲ್ಲದ್ದು ಮರೆತುಹೋಗುವದು, ಅರಿಯದ್ದು ಬಾಯಿಗೆ ಬರುವದು. ಹೊರಗೆ ಬಂದು ಬೇವಿನ ಮರದ ನೆರಳಿನಲ್ಲಿ ನಿಂತ ಕೂಡಲೆ ಹೇಳಬೇಕಾಗಿದ್ದ ಮಾತುಗಳೆಲ್ಲಾ ಸಾಲುಸಾಲಾಗಿ ನೆನಪಿಗೆ ಬರುವವು. ಇದು ಓದು ಬಾರದವರಿಗೆ ಮಾತ್ರ ಆಗುವ ಪಾಡೆಂದು ಎಣಿಸಬೇಡಿರಿ. ವೇದಶಾಲೆಯಲ್ಲಿ ಕಲಿತು ವಾರವಾರವೂ ಪೀಠದ ಬಳಿ ನಿಂತು ಮಾತಾಡುವ ಉಪದೇಶಿಗೂ ಇದು ಆಗುತ್ತದೆ. ಹೇಗೆ ಆಯಿತೆಂಬದನ್ನು ಮುಂದೆ ಹೇಳುವೆನು.

ಇಂಥಾ ಹೆದರಿಕೆಯು ಅವಿಶ್ವಾಸದ ಗುರುತೆಂದು ಕೆಲವರು ಬೋಧಿಸುವದುಂಟು. ನಾನು ಹಾಗೆ ಬೋಧಿಸಲಾರೆನು. ಯಾಕಂದರೆ ಸತ್ಯವೇದದಲ್ಲಿ ಒಬ್ಬ ದೇವಭಕ್ತನು ತನ್ನ ಜೀವಮಾನದಲ್ಲೆಲ್ಲಾ ಅತಿ ಮುಖ್ಯವಾದ ಮಾತನ್ನು ಆಡಬೇಕಾಗಿದ್ದ ಹೊತ್ತಿನಲ್ಲಿ ತಾನು ಬಹಳವಾಗಿ ಹೆದರಿದೆನೆಂದು ತನ್ನ ಕೈಯಿಂದಲೇ ಬರೆದಿಟ್ಟಿದ್ದಾನೆ. ಆತನೇ ನೆಹೆಮೀಯನು.

ಆತನ ಸ್ಥಿತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು ಕ್ರಿಸ್ತಪೂರ್ವ 445ನೇ ವರುಷ. ಪಾರಸಿಯ ದೊಡ್ಡ ಅರಸನಾದ ಅರ್ತಷಸ್ತನು ಆಳುತ್ತಿದ್ದನು. ಶೂಷನ್ ಎಂಬ ಆ ರಾಜಧಾನಿಯು ಈಗಿನ ಇರಾನ್ ದೇಶದ ನೈರುತ್ಯ ಭಾಗದಲ್ಲಿದೆ. ಭೂಮಿಯನ್ನು ಅಗೆದು ಶೋಧಿಸುವ ಪಂಡಿತರು ಅಲ್ಲಿಯ ಅರಮನೆಯ ಬುನಾದಿಗಳನ್ನೂ ಕಂಬಗಳ ತುಂಡುಗಳನ್ನೂ ಹೊರತೆಗೆದಿದ್ದಾರೆ. ಆ ಸಭಾಂಗಣದ ಒಂದೊಂದು ಕಂಬವೂ ಸುಮಾರು 20 ಮೀಟರು ಎತ್ತರವಿತ್ತಂತೆ. ನಮ್ಮ ಊರಿನ ತೆಂಗಿನ ಮರಕ್ಕೆ ಸಮನಾದ ಕಲ್ಲಿನ ಕಂಬಗಳ ನಡುವೆ ನಿಂತವನ ಧ್ವನಿಯು ಎಷ್ಟು ಸಣ್ಣದಾಗಿ ಕೇಳಿಸೀತೆಂಬದನ್ನು ನೀವೇ ಊಹಿಸಿಕೊಳ್ಳಿರಿ.

ನೆಹೆಮೀಯನು ಅಲ್ಲಿ ಪಾನದಾಯಕನು. ದ್ರಾಕ್ಷಾರಸವನ್ನು ತಾನು ಮೊದಲು ರುಚಿನೋಡಿ ಅರಸನ ಕೈಗೆ ಕೊಡುವದು ಆ ಕಾಲದ ಪಾನದಾಯಕರ ಕೆಲಸವಾಗಿತ್ತು. ವಿಷ ಬೆರೆತಿದ್ದರೆ ಮೊದಲು ಸಾಯುವವನು ಅವನೇ. ಈ ಅರಸನ ತಂದೆಯು ಕ್ರಿಸ್ತಪೂರ್ವ 465ರಲ್ಲಿ ಅರಮನೆಯ ಒಳಗಿನವರ ಸಂಚಿನಿಂದಲೇ ಕೊಲ್ಲಲ್ಪಟ್ಟಿದ್ದನು. ಹೀಗಿರಲಾಗಿ ಸೇವಕನೊಬ್ಬನ ಮುಖ ಬಾಡಿದರೆ ಅರಸನಿಗೆ ಸಂಶಯ ಹುಟ್ಟುವದು ಸಹಜವೇ. ಗೋಣಿತಟ್ಟು ಉಟ್ಟುಕೊಂಡವರು ಆ ರಾಜದ್ವಾರದೊಳಗೆ ಕಾಲಿಡಬಾರದೆಂಬ ನಿಯಮವಿದ್ದದ್ದನ್ನು ಎಸ್ತೇರಳ ಪುಸ್ತಕದಲ್ಲಿ ಓದುತ್ತೇವೆ. ಅಲ್ಲಿ ದುಃಖಕ್ಕೆ ಪ್ರವೇಶವಿಲ್ಲ.

ಆದರೆ ನೆಹೆಮೀಯನ ಹೃದಯದಲ್ಲಿ ದುಃಖವಿತ್ತು. ನಾಲ್ಕು ತಿಂಗಳ ಹಿಂದೆ, ಚಳಿಗಾಲದಲ್ಲಿ, ಆತನ ಸಹೋದರನಾದ ಹನಾನಿಯು ಬೇರೆ ಕೆಲವರೊಂದಿಗೆ ಯೆಹೂದದಿಂದ ಬಂದು, ಯೆರೂಸಲೇಮಿನ ಗೋಡೆ ಬಿದ್ದುಹೋಗಿದೆ, ಬಾಗಿಲುಗಳು ಸುಟ್ಟುಹೋಗಿವೆ, ಅಲ್ಲಿ ಉಳಿದ ಜನರು ನಿಂದೆಗೆ ಗುರಿಯಾಗಿದ್ದಾರೆಂದು ತಿಳಿಸಿದ್ದನು. ಅಂದಿನಿಂದ ಆತನು ಅತ್ತನು, ಉಪವಾಸಮಾಡಿದನು, ಪ್ರಾರ್ಥಿಸಿದನು. ಯಾರಿಗೂ ತೋರಗೊಡದೆ ನಾಲ್ಕು ತಿಂಗಳು ಪಾನಪಾತ್ರೆಯನ್ನು ಹಿಡಿದನು. ವಸಂತಕಾಲದ ಒಂದು ದಿವಸ ಅರಸನು ಆತನ ಮುಖವನ್ನು ನೋಡಿ, ರೋಗವಿಲ್ಲದಿರುವಲ್ಲಿ ಈ ಬಾಡಿದ ಮುಖವು ಯಾಕೆ, ಇದು ಮನಸ್ಸಿನ ಬೇನೆಯೇ ಹೊರತು ಬೇರೇನೂ ಅಲ್ಲವೆಂದು ಕೇಳಿಬಿಟ್ಟನು. ರಾಣಿಯು ಬಳಿಯಲ್ಲಿ ಕೂತಿದ್ದಳು. ತಪ್ಪಿಸಿಕೊಳ್ಳಲು ದಾರಿಯಿಲ್ಲ, ಯೋಚಿಸಲು ವೇಳೆಯಿಲ್ಲ.

ಈಗ ಆತನು ಮಾಡಿದ್ದನ್ನು ಗಮನಿಸಿರಿ. ಮೈಯಲ್ಲಿ ಹುಷಾರಿಲ್ಲವೆಂದು ಸುಳ್ಳಾಡಲಿಲ್ಲ. ಅಡ್ಡಬಿದ್ದು ಕ್ಷಮೆ ಬೇಡಲಿಲ್ಲ. ನಾಲ್ಕು ತಿಂಗಳ ಅಳುವನ್ನೆಲ್ಲಾ ಒಂದೇ ಸಾರಿ ಸುರಿಯಲೂ ಇಲ್ಲ. ಅರಸನಿಗೆ ಸಲ್ಲತಕ್ಕ ಮರ್ಯಾದೆಯ ಮಾತನ್ನು ಹೇಳಿ, ತನ್ನ ಪಿತೃಗಳ ಸಮಾಧಿಗಳಿರುವ ಪಟ್ಟಣವು ಹಾಳುಬಿದ್ದಿರುವಾಗ ತನ್ನ ಮುಖ ಬಾಡದೆ ಇರುವದು ಹೇಗೆಂದು ಕೇಳಿದನು. ಯೆರೂಸಲೇಮೆಂಬ ಹೆಸರನ್ನು ಆತನು ಎತ್ತಲೇ ಇಲ್ಲ. ಯಾಕೆಂದು ಬಲ್ಲಿರೋ? ಆ ಪಟ್ಟಣವು ಹಿಂದಿನಿಂದಲೂ ದಂಗೆಯೇಳುವ ಪಟ್ಟಣವೆಂದು ಶತ್ರುಗಳು ಬರೆದ ಪತ್ರವನ್ನು ನಂಬಿ, ಇದೇ ಅರ್ತಷಸ್ತನು ಅದನ್ನು ಕಟ್ಟುವ ಕೆಲಸವನ್ನು ನಿಲ್ಲಿಸಿದ್ದನೆಂಬದು ಎಜ್ರನ ಪುಸ್ತಕದ 4ನೇ ಅಧ್ಯಾಯದಲ್ಲಿದೆ. ಆ ಹೆಸರು ಕಿವಿಗೆ ಬಿದ್ದೊಡನೆ ಅರಸನ ಮನಸ್ಸು ಮುಚ್ಚಿಹೋದೀತು. ಆದರೆ ಪಿತೃಗಳ ಸಮಾಧಿಯೆಂದರೆ ಯಾವ ಅರಸನಿಗೆ ಅರ್ಥವಾಗಲಿಕ್ಕಿಲ್ಲ! ಹೇಳಿದ್ದು ಸತ್ಯವೇ, ಆದರೂ ಕೇಳುವವನ ಕಿವಿಗೆ ಹಿಡಿಸುವ ಕಡೆಯಿಂದ ಹೇಳಿದನು. ಎದೆ ನಡುಗುತ್ತಿದ್ದರೂ ಬುದ್ಧಿಯು ತನ್ನ ಜಾಗವನ್ನು ಬಿಟ್ಟು ಓಡಿರಲಿಲ್ಲ.

ಆಗ ಅರಸನು, ಹಾಗಾದರೆ ನಿನಗೆ ಏನು ಬೇಕೆಂದು ಕೇಳಿದನು. ಈ ಪ್ರಶ್ನೆಗೂ ಉತ್ತರಕ್ಕೂ ನಡುವೆ ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿದನೆಂದು ಬರೆದದೆ. ಎಷ್ಟು ಹೊತ್ತು ಪ್ರಾರ್ಥಿಸಿದ್ದಾನು? ಮೊಣಕಾಲೂರಲಿಲ್ಲ, ಕಣ್ಣು ಮುಚ್ಚಲಿಲ್ಲ, ತುಟಿಯನ್ನಾದರೂ ಅಲ್ಲಾಡಿಸಿದನೆಂದು ಕಾಣುವದಿಲ್ಲ. ಅರಸನು ಉತ್ತರಕ್ಕಾಗಿ ಕಾದಿದ್ದಾನಲ್ಲಾ. ಒಂದು ಉಸಿರನ್ನು ಎಳೆದು ಬಿಡುವಷ್ಟು ಹೊತ್ತು ಇದ್ದೀತು. ನನ್ನ ಎಣಿಕೆಯ ಪ್ರಕಾರ ಸತ್ಯವೇದದಲ್ಲಿ ಇದಕ್ಕಿಂತ ಸಣ್ಣ ಪ್ರಾರ್ಥನೆಯಿಲ್ಲ. ಅದರ ಮಾತುಗಳು ಕೂಡ ನಮಗೆ ದೊರೆತಿಲ್ಲ. (ನಮ್ಮ ಕೂಟಗಳಲ್ಲಿ ಕಂದೀಲಿನ ಎಣ್ಣೆ ತೀರುವ ತನಕ ಪ್ರಾರ್ಥಿಸುವ ಹಿರಿಯರು ಇದನ್ನು ಒಮ್ಮೆ ಧ್ಯಾನಿಸಿದರೆ ಒಳ್ಳೇದು.) ಆ ಒಂದು ಉಸಿರು ಬಂದ ಕೂಡಲೆ ಆತನ ಮಾತು ಎಷ್ಟು ಖಚಿತವಾಯಿತೆಂದರೆ, ಹೋಗಿಬರಲು ಇಷ್ಟು ಕಾಲ ಬೇಕು, ನದಿಯಾಚೆಯ ಸೀಮೆಯ ಅಧಿಪತಿಗಳಿಗೆ ಪತ್ರಗಳು ಬೇಕು, ಬಾಗಿಲುಗಳ ತೊಲೆಗಳಿಗಾಗಿಯೂ ಗೋಡೆಗಾಗಿಯೂ ಮರ ಬೇಕು, ಆ ಮರಕ್ಕಾಗಿ ಅರಸನ ವನಪಾಲಕನಾದ ಆಸಾಫನಿಗೆ ಒಂದು ಕಾಗದ ಬೇಕು, ಎಂದು ಕೇಳಿದನು. ವನಪಾಲಕನ ಹೆಸರನ್ನು ಕೂಡ ತಿಳಿದುಕೊಂಡಿದ್ದನು!

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅಧಿಕಾರಿಗಳ ಮುಂದೆ ನಿಲ್ಲಿಸಲ್ಪಟ್ಟಾಗ ಏನು ಹೇಳಬೇಕೆಂದು ಚಿಂತಿಸಬೇಡಿರಿ, ಅದು ನಿಮಗೆ ಕೊಡಲ್ಪಡುವದು ಎಂಬ ಅರ್ಥದಲ್ಲಿ ನಮ್ಮ ಕರ್ತನು ಶಿಷ್ಯರಿಗೆ ವಾಗ್ದಾನಮಾಡಿದ್ದಾನೆ. ಈ ವಾಗ್ದಾನವನ್ನು ಹಿಡಿದುಕೊಂಡು ಶನಿವಾರ ರಾತ್ರಿ ಪುಸ್ತಕ ತೆರೆಯದೆ ಮಲಗುವ ಉಪದೇಶಿಗಳನ್ನು ನಾನು ಬಲ್ಲೆನು. ಒಂದು ಕಾಲದಲ್ಲಿ ಅವರಲ್ಲಿ ನಾನೂ ಒಬ್ಬನು. ಚಿಂತಿಸಬೇಡಿರೆಂದರೆ ತಿಳಿದುಕೊಳ್ಳಬೇಡಿರೆಂದು ಅರ್ಥವಲ್ಲ. ಆಸಾಫನ ಹೆಸರು ಆ ಒಂದು ಉಸಿರಿನಲ್ಲಿ ಆಕಾಶದಿಂದ ಇಳಿಯಲಿಲ್ಲ. ನಾಲ್ಕು ತಿಂಗಳಲ್ಲಿ ವಿಚಾರಿಸಿಕೊಂಡದ್ದು. ಆ ಉಸಿರಿನಲ್ಲಿ ದೇವರು ಕೊಟ್ಟದ್ದೇನೆಂದರೆ, ತಿಳಿದದ್ದು ಚೆದರಿಹೋಗದಂತೆ ಆತನನ್ನು ನಿಂತಲ್ಲಿಯೇ ನಿಲ್ಲಿಸಿದ್ದು.

ಈಗ ನನ್ನ ಸಂಗತಿ. ಕೆಲವು ವರುಷಗಳ ಕೆಳಗೆ ನಾನು ಸೇವೆಮಾಡುತ್ತಿದ್ದ ಒಂದು ಹಳ್ಳಿಯಲ್ಲಿ ನಮ್ಮವರು ಸತ್ತವರನ್ನು ಹೂಣುವ ಜಾಗದ ವಿಷಯದಲ್ಲಿ ತೊಂದರೆ ಹುಟ್ಟಿತು. ಹಳ್ಳದ ದಂಡೆಯ ಆ ತುಂಡು ಭೂಮಿಯು ಉತಾರದಲ್ಲಿ ನಮ್ಮ ಸಭೆಯ ಹೆಸರಿನಲ್ಲಿ ಇರಲಿಲ್ಲ. ಇನ್ನು ಮುಂದೆ ಅಲ್ಲಿ ಗುಂಡಿ ತೋಡಬಾರದೆಂಬ ಮಾತು ಬರಲಾಗಿ ನಾವು ಆರು ಮಂದಿ ಅರ್ಜಿಯನ್ನು ಹಿಡಿದುಕೊಂಡು ಕಚೇರಿಗೆ ಹೋದೆವು. ಮಾತಾಡತಕ್ಕವನು ನಾನೆಂದು ಮೊದಲೇ ಗೊತ್ತಾಗಿತ್ತು, ಓದಿದವನು ನಾನೊಬ್ಬನೇ. ಅಧಿಕಾರಿಯು ಕಾಗದಗಳಿಂದ ತಲೆಯೆತ್ತದೆಯೇ, ನೀವು ಎಷ್ಟು ವರುಷಗಳಿಂದ ಅಲ್ಲಿ ಹೂಣುತ್ತಿದ್ದೀರೆಂದು ಕೇಳಿದನು. ಆತನು ಗದರಿಸಲಿಲ್ಲ, ಬೈಯಲಿಲ್ಲ. ಕೇಳಿದ್ದು ಇಷ್ಟೇ.

ಆ ಜಾಗದಲ್ಲಿ ನನ್ನ ಅಜ್ಜನ ಗೋರಿಯಿದೆ. ಅದರ ಕಲ್ಲಿನ ಮೇಲೆ 1971 ಎಂದು ಕೆತ್ತಿದೆ. ಹುಡುಗನಾಗಿದ್ದಾಗ ಪ್ರತಿ ಪುನರುತ್ಥಾನದ ಹಬ್ಬಕ್ಕೆ ಮುಂಚೆ ಆ ಕಲ್ಲಿಗೆ ಸುಣ್ಣ ಬಳಿದವನು ನಾನೇ. ಆದಾಗ್ಯೂ ನನ್ನ ಬಾಯಿಂದ ಬಂದ ಉತ್ತರವು, ಸುಮಾರು ಹತ್ತು ವರುಷಗಳಾಗಿರಬಹುದು ಎಂಬದು.

ಯಾಕೆ ಹಾಗೆಂದೆನೆಂಬದನ್ನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಐವತ್ತು ವರುಷವೆಂದರೆ, ಹಾಗಾದರೆ ದಾಖಲೆಯೆಲ್ಲಿ, ಇಷ್ಟು ದಿವಸ ಯಾಕೆ ಅರ್ಜಿ ಕೊಡಲಿಲ್ಲವೆಂದು ಕೇಳಿಯಾನೆಂಬ ಭಯವು ನನ್ನೊಳಗೆ ಎದ್ದಿತು. ಆತನು ಕೇಳಿದ ಪ್ರಶ್ನೆಯನ್ನು ಬಿಟ್ಟು, ಇನ್ನೂ ಕೇಳದೆ ಇದ್ದ ಪ್ರಶ್ನೆಗೆ ನಾನು ಉತ್ತರಕೊಟ್ಟೆನು. ದೇಹವು ಮೇಜಿನ ಮುಂದೆ ಇತ್ತು, ನಾನಾದರೋ ಅಲ್ಲಿರಲಿಲ್ಲ. ಮುಂದೆ ಬರಲಿರುವ ಬೈಗುಳದ ಹತ್ತಿರ ಹೋಗಿ ನಿಂತಿದ್ದೆನು. ಅಷ್ಟರಲ್ಲಿ ಗುಮಾಸ್ತನ ಲೇಖನಿಯು ಹತ್ತು ವರುಷವೆಂದು ಬರೆದುಕೊಂಡಾಗಿತ್ತು.

ಆಗ ನನ್ನ ಹಿಂದೆ ನಿಂತಿದ್ದ ಒಬ್ಬ ವಿಧವೆಯು ಮುಂದಕ್ಕೆ ಬಂದಳು. ಆಕೆಗೆ ಅರುವತ್ತು ದಾಟಿರಬೇಕು, ಓದು ಬಾರದು. ಸೆರಗನ್ನು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆ ಮೌನವು ನನಗೆ ತಡೆಯಲಾರದಷ್ಟು ಉದ್ದವೆಂದು ತೋರಿತು. ಮಾತನ್ನು ನಾನೇ ಎತ್ತಿಕೊಳ್ಳೋಣವೆಂದು ಬಾಯಿ ತೆರೆದಿದ್ದೆನು. ಅಷ್ಟರಲ್ಲಿ ಆಕೆ ಹೇಳಿದಳು:

“ನಮ್ಮತ್ತೀನ ಅಲ್ಲೇ ಮಣ್ಣು ಮಾಡೇವ್ರೀ ಸಾಹೇಬ್ರ. ಆ ವರ್ಷನ ನನ್ನ ಹಿರೀ ಮಗಾ ಹುಟ್ಟಿದ. ಅವಂಗೀಗ ಮೂವತ್ತೆಂಟು. ಅದಕ್ಕೂ ಹಿಂದಿನ ಗೋರಿ ಅದಾವ. ಕಲ್ಲಿನ ಮ್ಯಾಲ ವರ್ಷ ಬರದೈತಿ. ಬಂದು ನೋಡ್ರಿ.”

ಅಧಿಕಾರಿಯು ತಲೆಯೆತ್ತಿದನು. ಆಕೆಯನ್ನು ನೋಡಿದನು, ನನ್ನನ್ನೂ ನೋಡಿದನು. ನನ್ನನ್ನು ನೋಡಿದ ಆ ನೋಟವನ್ನು ನಾನು ಮರೆಯಲಾರೆನು. ಬರೆದದ್ದನ್ನು ಹೊಡೆದುಹಾಕಿಸಿ, ಸ್ಥಳವನ್ನು ನೋಡಿ ಅಳೆಯತಕ್ಕದ್ದೆಂದು ಬರೆಯಿಸಿದನು. ಮಳೆಗಾಲ ಮುಗಿದ ಮೇಲೆ ಮೋಜಣಿಯವರು ಬಂದು ಗೋರಿಗಳನ್ನು ಎಣಿಸಿ ಅಳತೆಮಾಡಿಕೊಂಡು ಹೋದರು. ಹುಕುಮು ಇನ್ನೂ ನಮ್ಮ ಕೈಗೆ ಬಂದಿಲ್ಲ. ಆದರೆ ಅಲ್ಲಿ ಹೂಣುವದನ್ನು ಯಾರೂ ತಡೆದಿಲ್ಲ.

ನಾನು ಮಾಡಿದ್ದಕ್ಕೆ ಸತ್ಯವೇದದಲ್ಲಿ ಜೊತೆಗಾರನು ಬೇಕಾದರೆ ಪೇತ್ರನಿದ್ದಾನೆ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಉರಿಯುತ್ತಿತ್ತು; ಚಳಿಗೆ ಎಲ್ಲರೂ ಕೈ ಕಾಯಿಸಿಕೊಳ್ಳುತ್ತಿದ್ದರು. ಆತನನ್ನು ಮೊದಲು ಪ್ರಶ್ನಿಸಿದವಳು ಬಾಗಿಲು ಕಾಯುವ ಒಬ್ಬ ದಾಸಿ. ಅವಳಿಗೆ ಆತನನ್ನು ಕಟ್ಟಿಸುವ ಅಧಿಕಾರವಿರಲಿಲ್ಲ. ಆದರೂ ಪೇತ್ರನು ಅವಳ ಹಿಂದೆ ಕತ್ತಿಯನ್ನೂ ಸೆರೆಮನೆಯನ್ನೂ ಶಿಲುಬೆಯನ್ನೂ ಕಂಡು, ಅವುಗಳಿಗೆ ಉತ್ತರಕೊಟ್ಟನು. ಒಂದು ಸಾರಿ ಹಾಗೆ ಹೇಳಿದ ಮೇಲೆ ಎರಡನೆಯದು ಸುಲಭವಾಯಿತು. ಮೂರನೆಯದರಲ್ಲಿ ಶಪಿಸಿ ಆಣೆಯಿಟ್ಟುಕೊಂಡನು. ಆತನನ್ನು ಹಿಡಿದುಕೊಟ್ಟದ್ದು ಯಾವದು? ಆತನ ಹಳ್ಳಿಯ ಮಾತು. ಗಲಿಲಾಯದವರ ಉಚ್ಚಾರವು ಪಟ್ಟಣದವರ ಕಿವಿಗೆ ಕೂಡಲೆ ತಿಳಿಯಿತು.

ಇದನ್ನು ಓದುವಾಗೆಲ್ಲಾ ನಮ್ಮವರ ನೆನಪು ನನಗೆ ಬರುತ್ತದೆ. ಊರಿನಲ್ಲಿ ಆಡುವ ಮಾತನ್ನು ಕಚೇರಿಯ ಮೆಟ್ಟಿಲ ಬಳಿ ಚಪ್ಪಲಿಯಂತೆ ಬಿಟ್ಟು, ಪುಸ್ತಕದ ಮಾತನ್ನು ಸಾಲತಂದು ಆಡಲಿಕ್ಕೆ ಹೋಗುತ್ತೇವೆ. ಸಾಲತಂದ ಮಾತು ಅರ್ಧದಾರಿಯಲ್ಲಿ ಕೈಕೊಡುತ್ತದೆ. ಪೇತ್ರನ ಉಚ್ಚಾರವು ಕೆಲವು ವಾರಗಳಲ್ಲಿ ಬದಲಾಗಲಿಲ್ಲ. ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿ ಅದೇ ಯೆರೂಸಲೇಮಿನಲ್ಲಿ, ಅದೇ ಅನ್ನನೂ ಕಾಯಫನೂ ಕೂತಿದ್ದ ಸಭೆಯ ಮುಂದೆ ನಿಂತಾಗಲೂ, ಈತನು ಶಾಸ್ತ್ರಾಭ್ಯಾಸಮಾಡದ ಸಾಮಾನ್ಯನೆಂಬದು ಅವರಿಗೆ ತಿಳಿಯಿತು. ಆದರೆ ಈ ಸಾರಿ ಆತನು ಅದನ್ನು ಮುಚ್ಚಿಡಲು ಯತ್ನಿಸಲಿಲ್ಲ. ಯಾರ ಹೆಸರಿನಿಂದ ಆ ಕುಂಟನು ವಾಸಿಯಾದನೆಂದು ಅವರು ಕೇಳಿದರು. ಯಾರ ಹೆಸರಿನಿಂದ ಎಂಬದನ್ನೇ ಆತನು ಹೇಳಿದನು. ಈ ಎರಡು ದಿವಸಗಳ ನಡುವೆ ಕರ್ತನು ಆತನನ್ನು ತಿರುಗಿ ನೋಡಿದ ನೋಟವೂ, ಕಹಿಯಾದ ಅಳುವೂ, ಪುನರುತ್ಥಾನವೂ, ಪವಿತ್ರಾತ್ಮನ ದಾನವೂ ಇದ್ದವು. ಅಂಗಳದಲ್ಲಿ ಬಿದ್ದವನನ್ನೇ ಕರ್ತನು ಸಭೆಯ ಮುಂದೆ ನಿಲ್ಲಿಸಿದ್ದರಿಂದ ನನ್ನಂಥವನಿಗೂ ಧೈರ್ಯವುಂಟಾಗಿದೆ.

ಇನ್ನು ದೇಹದ ವಿಷಯವಾಗಿ ಎರಡು ಮಾತು. ಪ್ರಸಂಗದಲ್ಲಿ ಇದೇಕೆಂದು ಕೇಳಬೇಡಿರಿ. ನಮ್ಮನ್ನು ಮಣ್ಣಿನಿಂದ ರೂಪಿಸಿ ಮೂಗಿನಲ್ಲಿ ಉಸಿರೂದಿದವನು ದೇವರೇ. ಭಯವಾದಾಗ ಉಸಿರು ಎದೆಯ ಮೇಲ್ಭಾಗದಲ್ಲಿಯೇ ನಿಂತು ಗಿಡ್ಡದಾಗುತ್ತದೆ, ಧ್ವನಿ ಏರುತ್ತದೆ, ಮಾತು ಓಡುತ್ತದೆ. ಉಸಿರನ್ನು ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಉದ್ದವಾಗಿ ಹೊರಗೆ ಬಿಟ್ಟರೆ ಎದೆಯ ಬಡಿತವು ಸ್ವಲ್ಪ ಇಳಿಯುವದೆಂದು ವೈದ್ಯರು ಹೇಳುತ್ತಾರೆ. ಪ್ರಶ್ನೆಯು ಪೂರಾ ಮುಗಿಯುವ ತನಕ ಕೇಳಿರಿ. ಎರಡು ಪಾದಗಳೂ ನೆಲದ ಮೇಲಿವೆಯೆಂದು ಅರಿತುಕೊಳ್ಳಿರಿ. ಉಸಿರನ್ನು ಹೊರಗೆ ಬಿಡುವಾಗ ಕರ್ತನ ಹೆಸರನ್ನು ಮನಸ್ಸಿನಲ್ಲಿ ಹೇಳಿರಿ. ಕೇಳಿದವನು ಅಷ್ಟು ಹೊತ್ತು ಕಾಯುತ್ತಾನೆ. ನಿಮಗೆ ಬಹಳ ಹೊತ್ತೆಂದು ತೋರುವ ಆ ಮೌನವು ಅವನಿಗೆ ಬಹಳವೆಂದು ತೋರುವದಿಲ್ಲ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿರೆಂದು ಕೇಳುವದರಲ್ಲಿ ನಾಚಿಕೆಯಿಲ್ಲ. ಸಂಗತಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಬಹುದು. ಕಾಗದಕ್ಕೆ ಹೆಬ್ಬೆಟ್ಟು ಒತ್ತೆಂದು ಅವಸರಪಡಿಸಿದರೆ, ಓದಿಸಿ ಕೇಳಿ ಒತ್ತುತ್ತೇನೆ ಸ್ವಾಮೀ ಎಂದು ಹೇಳಬಹುದು.

ಹಾಗೆ ಸಮಯ ಕೇಳಿದವರಲ್ಲಿ ಮಾರ್ಟಿನ್ ಲೂಥರನೂ ಒಬ್ಬನು. 1521ನೇ ವರುಷ ಎಪ್ರಿಲ್ 17ರಂದು ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ, 21 ವರುಷದ ಚಕ್ರವರ್ತಿಯಾದ 5ನೇ ಚಾರ್ಲ್ಸನ ಮುಂದೆ ಆತನ ಪುಸ್ತಕಗಳನ್ನು ರಾಶಿಹಾಕಿ, ಇವು ನಿನ್ನವೋ, ಇವುಗಳಲ್ಲಿ ಬರೆದದ್ದನ್ನು ಹಿಂದೆಗೆದುಕೊಳ್ಳುವಿಯೋ ಎಂದು ಕೇಳಿದರು. ಆತನ ಧ್ವನಿಯು ಬಹಳ ತಗ್ಗಿದ್ದು ಕೆಲವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಪುಸ್ತಕಗಳು ತನ್ನವೆಂದು ಒಪ್ಪಿಕೊಂಡು, ಎರಡನೆಯ ಪ್ರಶ್ನೆಯು ದೇವರ ವಾಕ್ಯವನ್ನೂ ಆತ್ಮದ ರಕ್ಷಣೆಯನ್ನೂ ಮುಟ್ಟುವದರಿಂದ ಯೋಚಿಸಲಿಕ್ಕೆ ಸಮಯ ಬೇಕೆಂದು ಬೇಡಿದನು. ಒಂದು ದಿವಸ ಕೊಟ್ಟರು. ಮರುದಿವಸ ಸಾಯಂಕಾಲ ಎಲ್ಲರಿಗೂ ಕೇಳುವ ಧ್ವನಿಯಿಂದ ಹಿಂದೆಗೆಯಲಾರೆನೆಂದು ಉತ್ತರಕೊಟ್ಟನು. ನಮ್ಮ ಸಭೆಗಳಲ್ಲಿ ಆ ಎರಡನೆಯ ದಿವಸವನ್ನು ಮಾತ್ರ ಕೊಂಡಾಡುತ್ತೇವೆ. ನನಗೆ ಮೊದಲನೆಯ ದಿವಸವು ಹೆಚ್ಚು ಪ್ರಿಯವಾದದ್ದು. ಅಷ್ಟು ಮಂದಿ ಪ್ರಭುಗಳು ನೋಡುತ್ತಿರುವಾಗ ತಗ್ಗಿದ ಧ್ವನಿಯಿಂದ, ಒಂದು ದಿವಸ ಕೊಡಿರೆಂದು ಕೇಳುವದಕ್ಕೆ ಸಣ್ಣ ಧೈರ್ಯ ಸಾಲದು.

ಕಚೇರಿಯ ಸಂಗತಿಯಲ್ಲಿ ಇನ್ನೊಂದಿಷ್ಟು ಉಳಿದಿದೆ. ಆ ದಿವಸ ಬಸ್ ನಿಲ್ದಾಣದಲ್ಲಿ ಕಾದುಕೊಂಡಿರುವಾಗ ನಾನು ನಾಚಿಕೆಯಿಂದ ಒಂದು ಮೂಲೆಯಲ್ಲಿ ಕೂತಿದ್ದೆನು. ಆ ತಾಯಿಯು ನನ್ನ ಬಳಿಗೆ ಬಂದು ಬುತ್ತಿಯ ಗಂಟನ್ನು ಬಿಚ್ಚಿ ರೊಟ್ಟಿಯನ್ನು ಕೊಟ್ಟಳು. ನನ್ನ ಉತ್ತರದ ಮಾತನ್ನು ಎತ್ತಲೇ ಇಲ್ಲ. ನಾನೇ ಕೇಳಿದೆನು: ಅವ್ವಾ, ಮಾತಾಡುವದಕ್ಕೆ ಮೊದಲು ಸುಮ್ಮನೆ ನಿಂತಿರಲ್ಲಾ, ಆಗ ಏನು ಮಾಡುತ್ತಿದ್ದಿರಿ?

“ಏನಿಲ್ಲೋ ತಮ್ಮಾ,” ಅಂದಳು. “ಕಾಲು ನಡುಗತಿದ್ವು. ಯೇಸಪ್ಪಾ ಅಂದೆ. ಆಮ್ಯಾಗ ನಮ್ಮತ್ತಿ ಗೋರಿ ಕಣ್ಣ ಮುಂದ ಬಂತು. ಅದನ್ನ ಹೇಳಿದೆ.”

ಅಷ್ಟರಲ್ಲಿ ನಮ್ಮ ಊರ ಕಡೆಯ ಬಸ್ಸು ಬಂತು. ಆಕೆಯು ಗಂಟನ್ನು ನನ್ನ ಕೈಗೆ ಕೊಟ್ಟು, ಸೆರಗನ್ನು ಸಿಕ್ಕಿಸಿಕೊಂಡು, ಎಲ್ಲರಿಗಿಂತ ಮೊದಲು ಹತ್ತಿ ನಮಗೆ ಜಾಗ ಹಿಡಿದಳು.